ಊರಿಗೆ ಬರುವ ಬ್ಯಾಂಕು



ಅರಳಿಕಟ್ಟೆಯ ಮುಂದೆ ವ್ಯಾನೊಂದು ಬಂದು ನಿಲ್ಲುತ್ತದೆ. ಮೈಮೇಲೆ ಬ್ಯಾಂಕಿನ ಹೆಸರು, ಒಂದು ಬದಿಗೆ ಎಟಿಎಂ, ಒಳಗೆ ಇಬ್ಬರು ಸಿಬ್ಬಂದಿ ಮತ್ತು ಒಂದು ತಿಜೋರಿ. ಅಂತೂ ನಮ್ಮೂರಿಗೂ ಬ್ಯಾಂಕು ಬಂತು ಅಂತ ಊರವರು ಅಂದುಕೊಳ್ಳುತ್ತಾರೆ. ಆದರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಆ ಊರಿಗೆ ಇನ್ನೂ ಬ್ಯಾಂಕು ಬಂದಿಲ್ಲ!

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಬ್ಯಾಂಕು ಹೊಸ ಜಾಗದಲ್ಲಿ ವ್ಯವಹಾರ ಶುರು ಮಾಡಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಈಗ ವಾಣಿಜ್ಯ ಬ್ಯಾಂಕುಗಳಿಗೆ ಬಹುಮಟ್ಟಿಗೆ ಸಾಮಾನ್ಯ ಅನುಮತಿಯೇ ಇದೆ. ಜೊತೆಗೊಂದು ಕಟ್ಟುಪಾಡೂ ಇದೆ. 2017ರ ಮೇ ತಿಂಗಳ ಸುತ್ತೋಲೆಯಂತೆ, ವರ್ಷಕ್ಕೆ ತೆರೆಯುವ ಹೊಸ ಔಟ್‌ಲೆಟ್‌ಗಳಲ್ಲಿ ಶೇ 25ರಷ್ಟಾದರೂ ಬ್ಯಾಂಕಿಲ್ಲದ ಹಳ್ಳಿಗಳಲ್ಲಿರಬೇಕು. ಅಂದರೆ, ಹತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ. ಔಟ್‌ಲೆಟ್ ಅನ್ನಿಸಿಕೊಳ್ಳಲು ಅದು ಒಂದೇ ಜಾಗದಲ್ಲಿ, ದಿನಕ್ಕೆ ಕನಿಷ್ಠ 4 ಗಂಟೆ, ವಾರಕ್ಕೆ ಕನಿಷ್ಠ 5 ದಿನ ತೆರೆದಿರಬೇಕು. ಎಟಿಎಂ ಆಗಲಿ ಸಂಚಾರಿ ಶಾಖೆಯಾಗಲಿ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇದು ಸರಿಯೆಂದೇ ನನ್ನ ಅಭಿಪ್ರಾಯ. ಸೇರಿಸಿಕೊಂಡಿದ್ದರೆ ಒಂದೇ ವ್ಯಾನನ್ನು ಹತ್ತು ಊರು ಸುತ್ತಿಸಿ, ಹತ್ತಕ್ಕೂ ಬ್ಯಾಂಕು ಕೊಟ್ಟೆವು ಎಂದು ಬರೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹಾಗೆಂದು ವ್ಯಾನಿಗೆ ಬೆಲೆಯಿಲ್ಲ ಎಂದಲ್ಲ. ಸಂಚಾರಿ ಶಾಖೆ ಯಾವುದಾದರೂ ಒಂದು ಖಾಯಂ ಶಾಖೆಗೆ ಸೇರಿರಬೇಕು, ಗಾಡಿಗೆ ತಕ್ಕ ಭದ್ರತೆ ಇರಬೇಕು, ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತಿಗೆ ಬರಬೇಕು ಎಂಬುದು ಅದರ ನಿಯಮ. ಸಂತೆಯಂತೆ, ವಾರ ತಪ್ಪಬಾರದು. ಉದ್ಯೋಗ ಖಾತರಿಯ ಕೂಲಿಯನ್ನೋ ಪಿಂಚಣಿಯನ್ನೋ ತೆಗೆಯಲು ಕಾದು ಕೂತವರಿಗೆ, ವ್ಯಾನು ಬಾರದ ದಿನವೆಂದರೆ ಒಂದು ದಿನದ ಕೂಲಿ ಹೋದ ಹಾಗೆಯೇ.

ಬ್ಯಾಂಕು ಮನೆಬಾಗಿಲಿಗೆ ಹೋಗುವುದು ಕನ್ನಡ ನಾಡಿಗೆ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಶುರು ಮಾಡಿ, ಏಜೆಂಟರ ಮೂಲಕ ದಿನಕ್ಕೆ ಎರಡಾಣೆಯಂತೆ ಉಳಿತಾಯ ಕೂಡಿಸಿತ್ತು. 2006ರಲ್ಲಿ ರಿಸರ್ವ್ ಬ್ಯಾಂಕು ವ್ಯವಹಾರ ಪ್ರತಿನಿಧಿಗಳಿಗೆ, ಅಂದರೆ ಈಗಿನ ಬ್ಯಾಂಕ್ ಮಿತ್ರರಿಗೆ, ಅವಕಾಶ ಕೊಟ್ಟಿತು. ಹಳ್ಳಿಯಲ್ಲಿ ಈಗ ಹೆಚ್ಚು ಕೆಲಸ ನಡೆಯುವುದು ಇವರ ಅಂಗೈಯಗಲದ ಮೈಕ್ರೊ ಎಟಿಎಂನಲ್ಲೇ. ಆಧಾರ್ ಸಂಖ್ಯೆ ಒತ್ತಿ ಹೆಬ್ಬೆಟ್ಟಿಟ್ಟರೆ ಹಣ. ಗದ್ದೆಯಲ್ಲಿ ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತು ಹಿಡಿಯದಿದ್ದರೆ ಸೆರಗಿಗೆ ಒರೆಸಿ ಮತ್ತೆ ಇಡಬೇಕು, ಅದೂ ಆಗದಿದ್ದರೆ ಬೇರೆ ಬೆರಳು. ಇಲ್ಲೊಂದು ಮಾತು ನೆನಪಿಡಿ: ಮಿತ್ರರಿಗೆ ಕಮಿಷನ್ ಕೊಡುವುದು ಬ್ಯಾಂಕು. ಅವರು ನಿಮ್ಮಿಂದ ನೇರವಾಗಿ ಶುಲ್ಕ ವಸೂಲು ಮಾಡುವಂತಿಲ್ಲ. ಸಾವಿರಕ್ಕೆ ಹತ್ತು ರೂಪಾಯಿ ಕೊಡಿ ಎಂದರೆ ಕೊಡಬೇಕಾಗಿಲ್ಲ. ರಸೀದಿ ಮಾತ್ರ ಕೇಳಿ ಪಡೆಯಿರಿ.

ಇನ್ನು ಎಟಿಎಂ. ಹಳ್ಳಿಯ ಯಂತ್ರಕ್ಕೆ ಸಂಜೆ ಆರರ ನಂತರ ಹಣ ತುಂಬಬಾರದೆಂದು ಕೇಂದ್ರ ಗೃಹ ಸಚಿವಾಲಯದ ನಿಯಮವಿದೆ, ದರೋಡೆಯ ಭಯಕ್ಕೆ. ಅದೇ ಯಂತ್ರ ತಿಂಗಳಲ್ಲಿ ಒಟ್ಟು 10 ಗಂಟೆಗಿಂತ ಹೆಚ್ಚು ಖಾಲಿಯಿದ್ದರೆ ಬ್ಯಾಂಕಿಗೆ 10,000 ರೂಪಾಯಿ ದಂಡ ಎಂದು 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕು ವಿಧಿಸಿತು. ಎರಡಕ್ಕೂ ತಲೆಬಾಗಬೇಕಾದ ಬ್ಯಾಂಕಿನವರು ಹಗಲಲ್ಲೇ ಲೆಕ್ಕ ಹಾಕಿ ತುಂಬಿಡಬೇಕು.

ಖಾತೆಯಿಂದ ಹಣ ಕಡಿತವಾಗಿ ನೋಟು ಬಾರದೆ ಹೋದರೆ ಐದು ದಿನದೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ಮೊದಲು ನಿಮ್ಮ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಬರೆಯುವ ಬಗೆ ತಿಳಿಯದಿದ್ದರೆ 14448ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಕೇಳಬಹುದು.