ನಿಂತ ನೀರಿಗೆ ಯಾರು ಹೊಣೆ?

(ಷಾರ್ಲೆಟ್‌ನಲ್ಲಿ ನಡೆದ ನಮ್ಮ ಕುಟುಂಬ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಕರಾವಳಿಯವರು. ಮಳೆ ಬಂದರೆ ಖುಷಿ, ಜೊತೆಗೇ ಮಲೇರಿಯಾದ ಹೆದರಿಕೆ. ಮಂಗಳೂರಿನಲ್ಲಿ ಫ್ಲ್ಯಾಟ್‌ಗಳು ಏಳತೊಡಗಿದ ಮೇಲೆ ಕಟ್ಟಡದ ಜಾಗದಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಬಾವಿ, ಎಲ್ಲ ಕಡೆ ಸೊಳ್ಳೆ ಹುಟ್ಟಿತು. ಹೊಣೆ ಮಾತ್ರ ಹೊರಗಿನಿಂದ ಬಂದ ಕೂಲಿಯವರ ತಲೆಗೆ. "ಜ್ವರ ತಂದದ್ದು ಅವರೇ" ಅಂತ ನಾವೂ ಹೇಳಿದ್ದುಂಟು. ಇವತ್ತು ನಾವೇ ಹೊರಗಿನವರಾಗಿ ಇಲ್ಲಿ ಕೂತಾಗ ಆ ಮಾತು ಚುಚ್ಚುತ್ತದೆ. ಜ್ವರ ಮನುಷ್ಯನ ರಕ್ತದಲ್ಲಿ ಬರಬಹುದು, ಆದರೆ ಹರಡಬೇಕಾದರೆ ಸೊಳ್ಳೆ ಬೇಕು, ಸೊಳ್ಳೆಗೆ ನಿಂತ ನೀರು ಬೇಕು. ಆ ನೀರು ಕೂಲಿಯವನದ್ದಲ್ಲ.

ಅಮೆರಿಕದಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. ಈ ದಕ್ಷಿಣದ ರಾಜ್ಯಗಳು ಒಂದು ಕಾಲದಲ್ಲಿ ಮಲೇರಿಯಾದ ತವರು. 1942ರಲ್ಲಿ ಯುದ್ಧದ ತರಬೇತಿ ಶಿಬಿರಗಳ ಸುತ್ತ ಮಲೇರಿಯಾ ತಡೆಯಲು ಅಟ್ಲಾಂಟಾದಲ್ಲಿ ಒಂದು ಕಚೇರಿ ತೆರೆದರು. 1946ರಲ್ಲಿ ಅದೇ ಸಿಡಿಸಿ ಆಯಿತು. ಚರಂಡಿ ತೋಡಿ, ಮನೆಮನೆಗೆ ಡಿಡಿಟಿ ಹೊಡೆದು, 1951ರ ಹೊತ್ತಿಗೆ ರೋಗವನ್ನು ಓಡಿಸಿದರು. ಆದರೂ 2023ರಲ್ಲಿ ಫ್ಲೋರಿಡಾ, ಟೆಕ್ಸಾಸ್, ಮೇರಿಲ್ಯಾಂಡ್‌ಗಳಲ್ಲಿ ಹೊರದೇಶಕ್ಕೆ ಹೋಗದವರಿಗೂ ಮಲೇರಿಯಾ ಬಂತು.

ನಮ್ಮ ಷಾರ್ಲೆಟ್‌ನಲ್ಲಿ ಹಗಲು ಕಚ್ಚುವ, ಕಪ್ಪು ಬಿಳಿ ಪಟ್ಟೆಯ ಹುಲಿ ಸೊಳ್ಳೆಯದ್ದೇ ಕಾಟ. ಮೊಟ್ಟೆಯಿಂದ ಸೊಳ್ಳೆಯಾಗಲು ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಅದು ದೂರ ಹಾರುವುದಿಲ್ಲ. ಕಚ್ಚಿದ ಸೊಳ್ಳೆ ಹೆಚ್ಚಾಗಿ ನಮ್ಮ ಅಂಗಳದ್ದು, ಇಲ್ಲ ಪಕ್ಕದ ಮನೆಯದ್ದು. ಮೆಕ್ಲೆನ್‌ಬರ್ಗ್ ಕೌಂಟಿಯ ಆರೋಗ್ಯ ಇಲಾಖೆಯವರು ದೂರು ಬಂದರೆ ನೋಡುತ್ತಾರೆ, ನಿಂತ ನೀರಿಗೆ ಮರಿ ಸಾಯುವ ಮದ್ದು ಹಾಕುತ್ತಾರೆ. ಆದರೆ ಪ್ರತಿ ಮನೆಯ ಹೂಕುಂಡದ ತಟ್ಟೆ, ಹಳೇ ಟಯರು, ಮಕ್ಕಳ ಆಟಿಕೆ ಅವರಿಗೆ ಹೇಗೆ ಕಾಣಬೇಕು? ಅದು ನಮ್ಮ ಕೆಲಸ. ವಾರಕ್ಕೊಮ್ಮೆ ಚೆಲ್ಲಿಬಿಡಿ. ಬಾಡಿಗೆ ಮನೆಯ ಹಿಂದೆ ನೀರು ಕಟ್ಟಿದರೆ ಮೊದಲು ಮಾಲೀಕರಿಗೆ ಹೇಳಿ. ಕೇಳದಿದ್ದರೆ 311ಕ್ಕೆ ಫೋನ್ ಮಾಡಿ. "ನಮಗ್ಯಾಕೆ ಮಾರಾಯ್ರೆ, ನಾವು ಹೊರಗಿನವರು" ಅಂತ ಸುಮ್ಮನಿರಬೇಡಿ. ದೂರು ಕೊಡುವುದು ಜಗಳವಲ್ಲ.

ಊರಿನಲ್ಲೂ ಕಾನೂನು ಬಿಗಿಯಾಗಿದೆ. 2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ ದಂಡ, ಕಟ್ಟುತ್ತಿರುವ ಕಟ್ಟಡಕ್ಕೆ ಮತ್ತು ಖಾಲಿ ಜಾಗಕ್ಕೆ 2,000. ಊರಲ್ಲಿ ಮನೆ ಕಟ್ಟಿಸುತ್ತಿರುವವರು, ಬೀಗ ಹಾಕಿದ ಮನೆಯಿರುವವರು ಇವತ್ತೇ ಫೋನ್ ಮಾಡಿ, ಟ್ಯಾಂಕಿ ಮುಚ್ಚಿಸಿ.

ಕೊನೆಯ ಮಾತು. ಜೂನ್‌ನಲ್ಲಿ ಶಾಲೆಗೆ ರಜೆ, ಊರಿನಲ್ಲಿ ಮಳೆ, ನಮ್ಮ ವಿಮಾನ ಟಿಕೆಟೂ ಆಗಲೇ. "ನಾವು ಅಲ್ಲಿಯೇ ಹುಟ್ಟಿ ಬೆಳೆದವರು, ನಮಗೇನಾಗುತ್ತದೆ?" ಅನ್ನಬೇಡಿ. ವರ್ಷಗಟ್ಟಲೆ ದೂರವಿದ್ದರೆ ಹಳೆಯ ತಾಳಿಕೆ ಉಳಿಯುವುದಿಲ್ಲ, ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಮೊದಲೇ ಇಲ್ಲ. ಹೊರಡುವ ಕೆಲವು ವಾರ ಮೊದಲೇ ಡಾಕ್ಟರನ್ನು ಕಂಡು ಮಾತ್ರೆ ಬೇಕೇ ಎಂದು ಕೇಳಿ. ಅಲ್ಲಿ ಸೊಳ್ಳೆಪರದೆ ಬಿಡಬೇಡಿ. ಬಂದ ಮೇಲೆ ಜ್ವರ ಬಂದರೆ, ತಿಂಗಳುಗಳು ಕಳೆದಿದ್ದರೂ, "ಮಂಗಳೂರಿಗೆ ಹೋಗಿದ್ದೆವು" ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಕೇಳಿ. ಹೇಳದಿದ್ದರೆ ಅವರಿಗೆ ಮಲೇರಿಯಾ ನೆನಪಿಗೇ ಬಾರದಿರಬಹುದು. ನಾಚಿಕೆಪಟ್ಟು ಮುಚ್ಚಿಟ್ಟ ಜ್ವರವೇ ಜೀವ ತೆಗೆಯುವುದು.