ಜಾಲತಾಣದ ಅಂಗಡಿ, ನಂಬಿಕೆಯ ಬಂಡವಾಳ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ವ್ಯಾಪಾರಿಗಳು ತಮ್ಮ ಹೆಸರು ಬೆಳೆಸಲು ಸಾಮಾಜಿಕ ಜಾಲತಾಣಗಳನ್ನು ಬಳಸಬೇಕೇ, ಬಳಸುವುದಾದರೆ ಹೇಗೆ ಎಂಬ ವಿಷಯದ ಮೇಲೆ ಮಾತನಾಡಲು ಸಂಘದವರು ನನಗೆ ಹೇಳಿದ್ದಾರೆ. ನಾನು ವ್ಯಾಪಾರ ಮಾಡಿದವನಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಆದರೂ ಈ ವಿಷಯ ನಮ್ಮ ಮಕ್ಕಳ ಅನ್ನಕ್ಕೆ ಸಂಬಂಧಿಸಿದ್ದು. ಓದಿದವರೆಲ್ಲರಿಗೂ ನೌಕರಿ ಸಿಗುವುದಿಲ್ಲ. ಕೆಲವರು ತಂದೆಯ ಅಂಗಡಿಯಲ್ಲಿ ಕೂರಬೇಕು, ಕೆಲವರು ಮನೆತನದ ಕಸುಬು ಹಿಡಿಯಬೇಕು. ಹೊಲಿಗೆ, ಕಸೂತಿ, ಅಡುಗೆಯಿಂದ ಮನೆಯಲ್ಲೇ ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳೂ ಇದ್ದಾರೆ. ಅವರೆಲ್ಲರ ಕೈಯಲ್ಲಿ ಈಗ ಮೊಬೈಲ್ ಇದೆ.

ಮೊದಲಿಗೆ ಬ್ರ್ಯಾಂಡ್ ಎಂದರೇನು ಎಂದು ನೋಡೋಣ. ಅದು ಕೇವಲ ಬಣ್ಣದ ಚಿತ್ರವಲ್ಲ, ಡಬ್ಬಿಯ ಮೇಲಿನ ಗುರುತೂ ಅಲ್ಲ. ಹೆಸರು ಕೇಳಿದ ಕೂಡಲೇ ಗಿರಾಕಿಯ ಮನಸ್ಸಿನಲ್ಲಿ ಹುಟ್ಟುವ ಭರವಸೆಯೇ ಬ್ರ್ಯಾಂಡ್. ನಮ್ಮ ಪ್ರವಾದಿಯವರು (ಸ) ಪ್ರವಾದಿತ್ವ ದೊರೆಯುವ ಮೊದಲೇ ಮಕ್ಕಾದಲ್ಲಿ ಅಲ್-ಅಮೀನ್, ಅಂದರೆ ನಂಬಿಕಸ್ಥ, ಎಂದು ಹೆಸರಾಗಿದ್ದರು. ಹಜ್ರತ್ ಖದೀಜಾರವರು ತಮ್ಮ ವ್ಯಾಪಾರದ ಸರಕನ್ನು ಅವರಿಗೆ ಒಪ್ಪಿಸಿದ್ದು ಆ ಹೆಸರನ್ನು ನೋಡಿಯೇ. ಆಗ ಜಾಹೀರಾತು ಇರಲಿಲ್ಲ, ನಡತೆಯೇ ಜಾಹೀರಾತಾಗಿತ್ತು.

ಈಗ ನಮ್ಮ ನಾಡಿನ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೀದರಿನ ಬಿದರಿ ಕಲೆ ನಿಮಗೆಲ್ಲ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಉಳಿಯಿಂದ ಹೂಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಸತುವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹೆಸರಿಗೆ ಕೊರತೆಯಿಲ್ಲ. ಆದರೆ ದೂರದ ನಗರದ ದೊಡ್ಡ ಅಂಗಡಿಯಲ್ಲಿ ಹೂದಾನಿ ಕೊಂಡವರಿಗೆ ಅದನ್ನು ಮಾಡಿದವರು ಯಾರೆಂಬುದು ತಿಳಿಯುವುದೇ ಇಲ್ಲ. ಕೊಳ್ಳುವವರಿಗೂ ಮಾಡುವವರಿಗೂ ನಡುವೆ ಇರುವ ಈ ಗೋಡೆಯಲ್ಲಿ ಜಾಲತಾಣ ಒಂದು ಕಿಟಕಿ ತೆರೆಯಬಲ್ಲದು. ಬೆಳ್ಳಿ ಕೂರಿಸುವ ಕೈಯನ್ನು ಒಂದು ನಿಮಿಷದ ವಿಡಿಯೋದಲ್ಲಿ ನೋಡಿದವರಿಗೆ ಆ ಬೆಲೆ ಏಕೆ ಎಂದು ಬೇರೆ ವಿವರಿಸಬೇಕಾಗಿಲ್ಲ. ಆದ್ದರಿಂದ ಬಳಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೌದು, ಬಳಸಬೇಕು.

ಹೇಗೆ ಎಂಬ ಪ್ರಶ್ನೆಗೆ ಉತ್ತರ ಒಂದು ಹದೀಸಿನಲ್ಲಿದೆ. ಪ್ರವಾದಿಯವರು (ಸ) ಮಾರುಕಟ್ಟೆಯಲ್ಲಿ ನಡೆಯುತ್ತಿದ್ದಾಗ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಯಿಂದ ಹೀಗಾಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂದೂ ಎಚ್ಚರಿಸಿದರು.

ಮಿತ್ರರೇ, ಜಾಲತಾಣದ ಫೋಟೋ ಎಂದರೆ ರಾಶಿಯ ಮೇಲ್ಭಾಗ ಮಾತ್ರ. ಸಂತೆಯಲ್ಲಾದರೆ ಗಿರಾಕಿ ಕೈ ಹಾಕಿ ನೋಡಬಹುದು, ಬಟ್ಟೆಯನ್ನು ಬಿಸಿಲಿಗೆ ಹಿಡಿಯಬಹುದು, ಪಾತ್ರೆಯನ್ನು ತಟ್ಟಿ ನೋಡಬಹುದು. ಮೊಬೈಲಿನಲ್ಲಿ ಅವನ ಕೈ ಒಳಗೆ ಹೋಗುವುದಿಲ್ಲ. ಹಾಗಾಗಿ ಒಳಗಿರುವುದನ್ನು ಮೇಲೆ ತಂದು ತೋರಿಸುವ ಹೊಣೆ ಪೂರ್ತಿಯಾಗಿ ಮಾರುವವನದೇ. ಬಿದರಿ ಪೆಟ್ಟಿಗೆ ಮಾರುವವರು ಅದರ ಅಳತೆ, ತೂಕ, ಒಳಗಿರುವುದು ಬೆಳ್ಳಿಯ ತಂತಿಯೋ ತಗಡೋ, ಎಲ್ಲವನ್ನೂ ಬರೆಯಬೇಕು. ಕಪ್ಪು ಬಣ್ಣವನ್ನು ಕಾಪಾಡುವುದು ಹೇಗೆಂದೂ ತಿಳಿಸಬೇಕು. ಕೈಕೆಲಸದಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ ಎಂದೂ ಹೇಳಬೇಕು. ಹೊಲಿದ ಬಟ್ಟೆ ಮಾರುವ ಸಹೋದರಿ ಬಣ್ಣ ಬಿಡುತ್ತದೆಯೇ ಎಂಬುದನ್ನು ಮುಚ್ಚಿಡಬಾರದು. ಹೀಗೆ ಹೇಳಿದರೆ ಇಬ್ಬರು ಗಿರಾಕಿಗಳು ಹಿಂದೆ ಸರಿಯಬಹುದು. ಕೊಂಡವರು ಮಾತ್ರ ಮತ್ತೆ ಬರುತ್ತಾರೆ, ಇನ್ನೊಬ್ಬರನ್ನು ಕರೆತರುತ್ತಾರೆ.

ಹಣ ಕೊಟ್ಟು ಸುಳ್ಳು ಹಿಂಬಾಲಕರನ್ನು ಕೊಳ್ಳುವುದು, ನಂಟರಿಂದ ಹೊಗಳಿಕೆ ಬರೆಸುವುದು, ಇನ್ನೊಬ್ಬರ ಮಾಲಿನ ಚಿತ್ರ ಹಾಕುವುದು, ಇವೆಲ್ಲ ಒದ್ದೆ ಧಾನ್ಯದ ಮೇಲೆ ಒಣ ಧಾನ್ಯ ಹರಡಿದಂತೆ. ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿಗೇ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಣ ಅಥವಾ ಉಡುಗೊರೆ ಪಡೆದು ಒಂದು ವಸ್ತುವನ್ನು ಹೊಗಳುವವರು ಆ ಸಂಗತಿಯನ್ನು ಬಹಿರಂಗವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಇನ್ನೊಂದು ಎಚ್ಚರಿಕೆ. ಜಾಲತಾಣ ನಮ್ಮ ಸ್ವಂತ ಜಾಗವಲ್ಲ, ಪರರ ಜಾಗದಲ್ಲಿ ಹಾಕಿದ ಡೇರೆ. ಆರ್ಕುಟ್ 2014ರಲ್ಲಿ ಮುಚ್ಚಿತು. 2020ರ ಜೂನ್ ತಿಂಗಳಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲಿ ಹೆಸರು ಮಾಡಿದ್ದವರ ಹೆಸರು ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಕಾಲ ನಿಂತುಹೋದವು. ಆದ್ದರಿಂದ ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಜ್ಜನ ಕಾಲದ ಆ ಖಾತೆ ಪುಸ್ತಕ ಇಂದಿಗೂ ಬೇಕು.

ಎಲ್ಲರೂ ಎಲ್ಲ ಜಾಲತಾಣಗಳಲ್ಲಿ ಇರಬೇಕಾಗಿಯೂ ಇಲ್ಲ. ಬಡಾವಣೆಯ ಕಿರಾಣಿ ಅಂಗಡಿಗೆ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಸಾಕು. ಅದರಲ್ಲಿ ಸಾಮಾನಿನ ಪಟ್ಟಿ, ದರ, ಅಂಗಡಿ ತೆರೆಯುವ ಸಮಯ ಹಾಕಿದರೆ ಕೆಲಸವಾಯಿತು. ದೂರದೂರಿಗೆ ಮಾರುವ ಕುಶಲಕರ್ಮಿಗೆ ಚಿತ್ರ, ವಿಡಿಯೋ ತೋರಿಸುವ ತಾಣ ಬೇಕು. ಮುಖ ತೋರಿಸಲು ಇಷ್ಟವಿಲ್ಲದ ಸಹೋದರಿಯರು ಕೆಲಸವನ್ನೂ ಕೈಗಳನ್ನೂ ಮಾತ್ರ ತೋರಿಸಿದರೆ ಸಾಕು. ಮನೆಯ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ನೆನಪಿಡಿ. ಒತ್ತಿ ಎಂದವನು ಮೋಸಗಾರ.

ವಿದ್ಯಾರ್ಥಿಗಳೇ, ಕೊನೆಯದಾಗಿ ನಿಮಗೊಂದು ಕೆಲಸ ಕೊಡುತ್ತೇನೆ. ನಿಮ್ಮ ಮೊಹಲ್ಲಾದಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ. ದರ್ಜಿ, ಬಡಗಿ, ಬೇಕರಿಯವರು, ಕಸೂತಿ ಹಾಕುವ ತಾಯಂದಿರು. ಅವರಲ್ಲಿ ಹಲವರಿಗೆ ಕೆಲಸ ಬರುತ್ತದೆ, ಬರೆಯಲು ಬರುವುದಿಲ್ಲ. ನಿಮಗೆ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬರುತ್ತವೆ. ಈ ರಜೆಯಲ್ಲಿ ಒಬ್ಬೊಬ್ಬರೂ ಒಬ್ಬ ಕೆಲಸಗಾರರ ಬಳಿ ಕುಳಿತು, ಅವರ ಮಾಲಿನ ಬಗ್ಗೆ ಐದು ಸಾಲು ಬರೆದುಕೊಡಿ. ಐದೂ ನಿಜವಾಗಿರಲಿ. ಅದರಲ್ಲಿ ಒಂದು ಸಾಲು ಮಾಲಿನ ಮಿತಿಯನ್ನು ಹೇಳುವಂತಿರಲಿ. ನೀವು ಕಲಿತ ಭಾಷೆ ಒಬ್ಬರ ಮನೆಯ ಒಲೆ ಉರಿಸಿದರೆ ನಿಮ್ಮ ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.

ಅಲ್ಲಾಹನು ನಮ್ಮೆಲ್ಲರ ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ ಎಂದು ಪ್ರಾರ್ಥಿಸುತ್ತೇನೆ.