ಎಂಜಿನ್ನಿನ ಬಡಿತವೂ ಮನೆಮದ್ದೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ದಿಂಬಂ ಘಟ್ಟದ 27 ತಿರುವುಗಳನ್ನೇರಿ ತಾಳವಾಡಿಯ ಕಡೆಗೆ ಬರುವ ಹಳೆಯ ಪೆಟ್ರೋಲು ಕಾರುಗಳು ಏರಿನಲ್ಲಿ ‘ಟಕಟಕ’ ಎಂದು ಸದ್ದು ಮಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಇದಕ್ಕೆ ‘ನಾಕಿಂಗ್’ ಎನ್ನುವರು. ಈ ಸದ್ದನ್ನು ಅಡಗಿಸಲು ಮನೆಯಲ್ಲಿಯೇ ಮದ್ದು ಕಲಸಿ ಪೆಟ್ರೋಲಿಗೆ ಬೆರೆಸುವ ಪರಿಪಾಠದ ಕುರಿತು ತಮ್ಮಲ್ಲಿ ಎರಡು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇವೆ.

ಮೊದಲು ರೋಗದ ಮೂಲವನ್ನು ತಿಳಿಯೋಣ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಆವಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗು ಕಿಡಿ ತಾಗಿಸುತ್ತದೆ. ಜ್ವಾಲೆಯು ಅಲ್ಲಿಂದ ಕ್ರಮವಾಗಿ ಹರಡಬೇಕು. ಅದು ತಲಪುವ ಮೊದಲೇ ಅಂಚಿನಲ್ಲುಳಿದ ಮಿಶ್ರಣವು ಒತ್ತಡ ಮತ್ತು ಶಾಖಗಳಿಂದ ತಾನಾಗಿಯೇ ಭಗ್ಗನೆ ಹೊತ್ತಿಕೊಂಡರೆ, ಲೋಹಕ್ಕೆ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತದೆ. ಬಹುಕಾಲ ಹೀಗೆಯೇ ನಡೆದರೆ ಪಿಸ್ಟನ್ನು ಹಾಳಾಗಬಹುದು. ಇದನ್ನು ತಡೆಯಲು ಪೆಟ್ರೋಲಿಗಿರುವ ಶಕ್ತಿಯನ್ನು ಆಕ್ಟೇನ್ ಅಂಕದಿಂದ ಅಳೆಯುವರು.

ಟ್ಯಾಂಕಿಗೆ ನುಸಿಗುಳಿಗೆ ಹಾಕುವ ಪದ್ಧತಿ ಹಳೆಯದು. ನ್ಯಾಫ್ತಲೀನಿಗೆ ಬಡಿತವನ್ನು ತಡೆಯುವ ಗುಣವು ಕೊಂಚ ಉಂಟು, ನಿಜ. ಆದರೆ ಪೆಟ್ರೋಲು ಆರಿದೆಡೆ ಅದು ಮರಳಿ ಹರಳಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಬಲ್ಲದು. ಮೇಲಾಗಿ ಇಂದಿನ ಗುಳಿಗೆಗಳಲ್ಲಿ ಕೆಲವು ನ್ಯಾಫ್ತಲೀನೇ ಅಲ್ಲ, ಪ್ಯಾರಾಡೈಕ್ಲೋರೋಬೆಂಜೀನು. ಅದು ಉರಿದಾಗ ಹುಟ್ಟುವ ಹೈಡ್ರೋಜನ್ ಕ್ಲೋರೈಡು ನೀರಿನೊಡನೆ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಅಸಿಟೋನು ಹಲವು ಬಗೆಯ ರಬ್ಬರನ್ನು ಕೆಡಿಸುತ್ತದೆ. ಸೀಮೆಎಣ್ಣೆಯಂತೂ ಆಕ್ಟೇನ್ ಅಂಕವನ್ನು ತಗ್ಗಿಸಿ ಬಡಿತವನ್ನು ಹೆಚ್ಚಿಸುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಪಾಯವು ಮನೆಯೊಳಗಿನದು. ಪೆಟ್ರೋಲು, ಅಸಿಟೋನುಗಳ ಆವಿಯು ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಗೂ ಹೊತ್ತಿಕೊಳ್ಳಬಲ್ಲದು. ಮಕ್ಕಳು ಆಡುವ ಹಜಾರದಲ್ಲಿ ಇಂಥ ಪ್ರಯೋಗವು ಸರ್ವಥಾ ಕೂಡದು.

ವಿಜ್ಞಾನಿಗಳ ಮದ್ದೂ ಒಮ್ಮೆ ವಿಷವಾದುದುಂಟು. 1921ರ ಡಿಸೆಂಬರಿನಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಥಾಮಸ್ ಮಿಡ್ಗ್ಲೆ ಎಂಬವರು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪ್ರಯೋಗಿಸಲು ಬಡಿತವು ಅಡಗಿತು. 1923ರಲ್ಲಿ ಅದು ಮಾರಾಟಕ್ಕೆ ಬಂದಿತು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಅದರ ವಿಷದಿಂದ ಕಾರ್ಮಿಕರು ಮಡಿದರು. ಹೊಗೆಯೊಡನೆ ಹೊರಬಂದ ಸೀಸವು ಮಕ್ಕಳ ಮೆದುಳಿಗೆ ಕೇಡೆಂಬುದು ಕ್ರಮೇಣ ಸ್ಥಿರಪಟ್ಟಿತು. ಭಾರತವು 2000ದ ಫೆಬ್ರವರಿಯಲ್ಲಿ ಕಾರುಗಳ ಪೆಟ್ರೋಲಿನಿಂದ ಅದನ್ನು ತೊಲಗಿಸಿತು. ಕಟ್ಟಕಡೆಯದಾಗಿ 2021ರಲ್ಲಿ ಆಲ್ಜೀರಿಯಾ ದೇಶವೂ ಕೈಬಿಟ್ಟಿತು. ಸದ್ದು ಅಡಗುವುದು ಬೇರೆ, ರೋಗ ವಾಸಿಯಾಗುವುದು ಬೇರೆ.

ಹಾಗಾದರೆ ಮಾಡತಕ್ಕದ್ದೇನು? ಸಿಲಿಂಡರಿನೊಳಗಿನ ಇಂಗಾಲದ ಕಿಟ್ಟವನ್ನು ತೆಗೆಸಬೇಕು. ಕಿಡಿ ಹಾರುವ ಸಮಯವನ್ನು ಬಲ್ಲ ಮೆಕ್ಯಾನಿಕ್ಕಿನಿಂದ ಸರಿಪಡಿಸಬೇಕು. ತಕ್ಕ ಪ್ಲಗ್ಗನ್ನೇ ಹಾಕಿಸಿ, ರೇಡಿಯೇಟರಿನ ನೀರನ್ನು ನೋಡಿಕೊಳ್ಳಬೇಕು. ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಂಜಿನ್ನನ್ನು ತಿಣುಕಿಸದೆ ಕೆಳಗಿನ ಗೇರಿಗೆ ಇಳಿಸಬೇಕು. ಇಷ್ಟಾದರೂ ಬಡಿತ ನಿಲ್ಲದಿದ್ದಲ್ಲಿ ಹೆಚ್ಚಿನ ಆಕ್ಟೇನಿನ ಪೆಟ್ರೋಲನ್ನು ಕೊಳ್ಳಬಹುದು.

ವಿದ್ಯಾರ್ಥಿಗಳೇ, ಯಾರಾದರೂ ಸುಲಭದ ಮದ್ದು ಹೇಳಿದಾಗ “ಇದು ಹೇಗೆ ಕೆಲಸಮಾಡುತ್ತದೆ? ಉರಿದ ಮೇಲೆ ಏನಾಗುತ್ತದೆ?” ಎಂದು ವಿನಯದಿಂದ ಕೇಳಿರಿ. ಹಾಗೆ ಕೇಳುವ ಧೈರ್ಯ ನಿಮಗೆ ಬಂದರೆ ನಮ್ಮ ಶ್ರಮವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.